ಹಳದಿಗೆ ತಿರುಗಿದ ಗಾಜಿನೆಲೆಗಳು

ಇಂಥ ಕಥೆಗಳನ್ನು ಯಾರಾದರೂ ಹೇಳಿದಾಗ ನಕ್ಕವನು ನಾನು. ಭೌತಶಾಸ್ತ್ರ ಓದಿದವನಿಗೆ ಆ ನಗು ಸುಲಭವಾಗಿ ಬರುತ್ತದೆ. ಇದನ್ನು ಬರೆಯುವಾಗಲೂ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ, ನೀವೂ ನಂಬಲೇಬೇಕಿಲ್ಲ.

ನಾಲ್ಕು ವರ್ಷಗಳ ಹಿಂದೆ ಅಕ್ಕನನ್ನು ಹುಣಸೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಅದರ ಹಜಾರದಲ್ಲಿ ಚಾವಣಿಯಿಂದ ಗಾಜಿನ ಎಲೆಗಳ ದೊಡ್ಡ ಗೊಂಚಲೊಂದು ತೂಗುತ್ತಿತ್ತು. ನೂರಾರು ಎಲೆ, ಎಲ್ಲವೂ ಹಸಿರು. ಮಾಡಿದವರು ಯಾವ ಮರವನ್ನು ನೆನೆದಿದ್ದರೋ ಗೊತ್ತಿಲ್ಲ. ಸ್ಟ್ರೆಚರ್ ಮೇಲೆ ಮಲಗಿ ಒಳಗೆ ಬಂದ ಅಕ್ಕನಿಗೆ ಮಾತ್ರ ಅದು ಹೊಗೆಸೊಪ್ಪಾಗಿಯೇ ಕಂಡಿತು.

"ಯಾರ್ಲಾ ಇದ್ನ ಕಟ್ಟಿರೋದು? ಕಡ್ಡಿಗೆ ಇಷ್ಟು ತೆಳ್ಳಗೆ ಕಟ್ಟುದ್ರೆ ಬ್ಯಾರನ್ ತುಂಬ್ತದಾ?" ಎಂದು ನಕ್ಕಳು.

ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಹಾಕಿ ಬಿಸಿಗೆ ಒಣಗಿಸುವ ಕೋಣೆಯೇ ಬ್ಯಾರನ್. ರಾವಂದೂರಿನ ನಮ್ಮ ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುವ ದಿನಗಳಲ್ಲಿ ಕಾವಲು ಅವಳದೇ. ಗೋಡೆಯ ಪುಟ್ಟ ಗಾಜಿನ ಕಿಂಡಿಯಿಂದ ಇಣುಕಿ, ಎಲೆ ಹಳದಿಗೆ ತಿರುಗಿದ್ದು ಕಂಡ ಮೇಲೆಯೇ ಉರಿ ಹೆಚ್ಚಿಸಬೇಕು. ಅಲ್ಲಿಯವರೆಗೆ ಕಾವಲಿದ್ದವರು ಕದಲುವಂತಿಲ್ಲ.

ಐದನೆಯ ದಿನ ಜ್ವರ ಏರಿತು. "ಒಬ್ಳುನ್ನೇ ಬುಟ್ಟೋಗ್ಬ್ಯಾಡ ಕಣ್ಲಾ" ಎಂದು ಹಿಂದಿನ ದಿನವಷ್ಟೇ ನನ್ನಿಂದ ಮಾತು ತೆಗೆದುಕೊಂಡಿದ್ದವಳು, ಅಂದು ಮಧ್ಯಾಹ್ನ ತಾನೇ ನನ್ನನ್ನು ಎಬ್ಬಿಸಿದಳು.

"ಕೆಳಗೋಗಿ ನೋಡ್ಕಂಡ್ ಬಾ, ಸೊಪ್ಪು ತಿರುಗ್ತಾ ಅಂತ. ತಿರುಗೋಗಂಟ ಬರ್ಬ್ಯಾಡ."

"ಅದು ಗಾಜು ಕಣಕ್ಕ."

"ಬಲೇ ಓದಿರೋನು ನೀನು. ನೋಡಕ್ಕೇನು ಕಣ್ಣು ಸವೀತದಾ? ಓಗ್ಲಾ!"

ಅವಳಿಗೆ ಸಮಾಧಾನವಾಗಲಿ ಎಂದು ಇಳಿದೆ. ಎರಡು ನಿಮಿಷ ನಿಂತು ಹಿಂತಿರುಗುವ ಅಂದಾಜು. ಎಲೆಗಳು ಹಸಿರಾಗಿಯೇ ಇದ್ದವು. ಹೊರಡಬೇಕೆನ್ನುವಷ್ಟರಲ್ಲಿ ಒಂದು ಎಲೆಯ ತುದಿ ಹಳದಿಯಾಯಿತು. ಆಮೇಲೆ ಪಕ್ಕದ್ದು. ತುದಿಯಿಂದ ದಂಟಿನ ಕಡೆಗೆ, ಬ್ಯಾರನ್‌ನಲ್ಲಿ ತಿರುಗುವ ಹಾಗೆಯೇ, ಇಡೀ ಗೊಂಚಲು ಹಳದಿಯಾಯಿತು. ಸುತ್ತಲಿನವರು ಯಾರೂ ತಲೆ ಎತ್ತಲಿಲ್ಲ. ನನಗೆ ಭಯವೇನೂ ಆಗಲಿಲ್ಲ; ಹೇಳಿದರೆ ಅಕ್ಕ ಹಿಗ್ಗುತ್ತಾಳೆ ಎಂದು ಮೆಟ್ಟಿಲು ಹತ್ತಿ ಓಡಿದೆ.

ಅವಳ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

"ಎಲ್ಲೋಗಿದ್ರಿ ಸಾರ್? ಅರ್ಧ ಗಂಟೆಯಿಂದ ಹುಡುಕ್ತಾ ಇದೀವಿ" ಎಂದರು ನರ್ಸ್.

ಆಮೇಲೆ ಮೂರು ಸಲ ಅದೇ ಹೊತ್ತಿಗೆ ಹೋಗಿ ಆ ಗೊಂಚಲಿನ ಕೆಳಗೆ ನಿಂತಿದ್ದೇನೆ. ಹಸಿರೇ. ಬಿಸಿಲು ಬಿದ್ದ ಕೋನ, ನಿದ್ದೆಗೆಟ್ಟ ಕಣ್ಣು ಎಂದು ಹಳದಿಗೆ ಕಾರಣ ಹೇಳಿಕೊಳ್ಳಬಲ್ಲೆ. ಎರಡು ನಿಮಿಷ ಅರ್ಧ ಗಂಟೆಯಾದದ್ದು ಹೇಗೆ? ಮೇಲೆ ಏನಾಗುತ್ತಿದೆಯೆಂದು ತಿಳಿದೇ, ಹೆದರಿ, ನಾನಾಗಿ ಅಲ್ಲಿ ನಿಂತುಬಿಟ್ಟೆನೇ?

ಕೊನೆಯಲ್ಲಿ ಅಕ್ಕ ನನ್ನನ್ನು ಕೇಳಿದಳೇ ಎಂದು ಆ ನರ್ಸನ್ನು ವಿಚಾರಿಸಿಲ್ಲ. ಅವರು ಈಗಲೂ ಅಲ್ಲೇ ಕೆಲಸದಲ್ಲಿದ್ದಾರೆ.