ನಡುಮನೆಗೆ ಬಂದ ಹಗಲು

ಕರಿಬಸಮ್ಮನಿಗೆ ಐವತ್ತಾರು ವರ್ಷ. ಭದ್ರಾವತಿ ಓಲ್ಡ್ ಟೌನಿನ ಒಂದು ಸರ್ಕಾರಿ ಶಾಲೆಯಲ್ಲಿ ಹದಿನೇಳು ವರ್ಷದಿಂದ ಬಿಸಿಯೂಟ ಬೇಯಿಸುತ್ತಾ ಬಂದವಳು. ನೂರಿಪ್ಪತ್ತು ಮಕ್ಕಳ ಅನ್ನ ಸಾರಿಗೆ ಅವಳ ಕೈಯ ಅಳತೆ ಎಂದೂ ತಪ್ಪಿದ್ದಿಲ್ಲ. ಆದರೆ ಈಚೆಗೆ ಸಾರಿಗೆ ಒಂದು ದಿನ ಎರಡು ಸಲ ಉಪ್ಪು ಬೀಳುತ್ತಿತ್ತು, ಇನ್ನೊಂದು ದಿನ ಬೀಳುತ್ತಲೇ ಇರಲಿಲ್ಲ. ಜೊತೆಗೆ ಅಡುಗೆ ಮಾಡುವ ಪ್ರೇಮಮ್ಮ ತಾನೊಮ್ಮೆ ರುಚಿ ನೋಡಿದ ಮೇಲೆಯೇ ಪಾತ್ರೆ ಇಳಿಸುತ್ತಿದ್ದಳು. ಕರಿಬಸಮ್ಮ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳುವುದಕ್ಕೂ ಒಂದಿಷ್ಟು ನಿದ್ದೆಯಾಗಿರಬೇಕು.

ಆ ನಿದ್ದೆ ಹೋಗಿ ಎರಡು ವರ್ಷವಾಗಿತ್ತು. ಗಂಡ ಚಂದ್ರಶೇಖರಪ್ಪನವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಅವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿ ನಿವೃತ್ತರಾದವರು. ಮೂರೂ ಪಾಳಿಯಲ್ಲಿ ದುಡಿದ ಶರೀರ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಕೆಳಗಿನ ಮನೆ ಇವರಿಗೆ ಬಂತು. ಪಡಸಾಲೆಯ ಮೇಲಿನ ಕೋಣೆಗಳು ಮತ್ತು ಅದರ ಹಿಂದಿನ ಬಯಲು ತಾರಸಿ ತಮ್ಮ ರೇಣುಕಾಪ್ರಸಾದನಿಗೆ ಹೋದವು. ಆ ತಾರಸಿಯ ಕೆಳಗೆ ಬರುವ ನಡುಮನೆಗೆ ಕಿಟಕಿ ಇರಲಿಲ್ಲ. ಎರಡೂ ಕಡೆ ಪಕ್ಕದ ಮನೆಗಳ ಗೋಡೆ. ಆಗಿನ್ನೂ ಕೆಲಸದಲ್ಲಿದ್ದ ಚಂದ್ರಶೇಖರಪ್ಪ ಅದನ್ನೇ ಮೆಚ್ಚಿಕೊಂಡಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವನಿಗೆ ಇದಕ್ಕಿಂತ ಒಳ್ಳೆಯ ಕೋಣೆ ಸಿಕ್ಕೀತೇ ಎಂದಿದ್ದರು.

ಕಾಯಿಲೆ ಬಿದ್ದ ಮೇಲೆ ಮಂಚ ಹಾಕುವುದಕ್ಕೂ ಅದೊಂದೇ ಜಾಗವಾಯಿತು. ಪಡಸಾಲೆ ಕಿರಿದು, ಹಿಂದೆ ಅಡುಗೆಮನೆ, ಬಚ್ಚಲು. ನಡುಮನೆಯಲ್ಲಿ ಮಲಗಿದವರಿಗೆ ಕ್ರಮೇಣ ಹಗಲು ರಾತ್ರಿಯ ಲೆಕ್ಕ ತಪ್ಪಿಹೋಯಿತು. ಟ್ಯೂಬ್‌ಲೈಟಿಗೆ ಬೆಳಿಗ್ಗೆ ಏಳೂ ಒಂದೇ, ರಾತ್ರಿ ಏಳೂ ಒಂದೇ. ಹಗಲೆಲ್ಲ ತೂಕಡಿಸುವರು, ಊರು ಮಲಗಿದ ಮೇಲೆ ಕೂಗಲು ಶುರುಮಾಡುವರು. ಸೈರನ್ ಆಯಿತಾ, ಡಬ್ಬಿ ಕಟ್ಟಿದೆಯಾ, ಬಸ್ಸು ಬಂತಾ. ಐದು ಸಲ, ಆರು ಸಲ. ಕರಿಬಸಮ್ಮ ಪ್ರತಿ ಸಲವೂ ಎದ್ದು, ನೀವು ರಿಟೈರ್ ಆಗಿದ್ದೀರಿ ಎಂದು ಹೇಳಿ, ನೀರು ಕುಡಿಸಿ, ಮಗ್ಗುಲು ಬದಲಿಸಿ, ತಾನು ಚಾಪೆಗೆ ಬೆನ್ನು ಹಚ್ಚುವಷ್ಟರಲ್ಲಿ ಹಾಲಿನವನು ಬಂದಿರುತ್ತಿದ್ದ.

ಶಿವಮೊಗ್ಗದ ಡಾಕ್ಟರಲ್ಲಿ ನಿದ್ದೆ ಮಾತ್ರೆ ಕೇಳಿದಳು. ಅವರು, ಮಾತ್ರೆ ಆಮೇಲೆ ನೋಡೋಣ, ಮೊದಲು ಇವರ ಕಣ್ಣಿಗೆ ಹಗಲು ಕಾಣಿಸಿ, ದಿನಾ ಹೊರಗೆ ಕೂರಿಸಿ ಎಂದರು. ರೇಣುಕಾಪ್ರಸಾದ ಮತ್ತು ಎದುರುಮನೆಯ ಜಯಕುಮಾರ್ ನಾಲ್ಕು ದಿನ ಕುರ್ಚಿ ಸಮೇತ ಎತ್ತಿ ಜಗುಲಿಯಲ್ಲಿ ಕೂರಿಸಿದರು. ಐದನೆಯ ದಿನ ಇಬ್ಬರಿಗೂ ಏನೇನೋ ಕೆಲಸ ಬಂತು. ಆರನೆಯ ದಿನ ಕರಿಬಸಮ್ಮ ಕರೆಯಲಿಲ್ಲ.

ಆ ವರ್ಷವೇ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಅಕ್ಕಿಬೇಳೆ ಇಡುವ ಕತ್ತಲೆ ಕೋಣೆಗೆ ಹೊಸ ಬಗೆಯ ಬೆಳಕಿಂಡಿ ಮಾಡಿಸಿಕೊಟ್ಟರು. ತಾರಸಿಯ ಮೇಲೆ ಬೋಗುಣಿ ಕವುಚಿಟ್ಟ ಹಾಗೆ ಒಂದು ಪಾರದರ್ಶಕ ಮುಚ್ಚಳ, ಅದರಿಂದ ಕೆಳಕ್ಕೆ ಒಳಮೈ ಕನ್ನಡಿಯಂತೆ ಹೊಳೆಯುವ ಕೊಳವೆ, ಸೂರಿನಲ್ಲಿ ಹಾಲುಬಣ್ಣದ ದುಂಡು ಬಿಲ್ಲೆ. ಬಿಸಿಲು ಕೊಳವೆಯೊಳಗೆ ಪುಟಿಯುತ್ತಾ ಇಳಿದು ಕೋಣೆ ತುಂಬುತ್ತಿತ್ತು. ಕರೆಂಟ್ ಬೇಡ, ಧಗೆಯೂ ಅಷ್ಟಿಲ್ಲ. ಮೊದಲ ದಿನ ಅದರ ಕೆಳಗೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕರಿಬಸಮ್ಮ ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ ಮೇಲೆ ನೋಡಿದಳು. ಏನಾಯಿತೆಂದು ಪ್ರೇಮಮ್ಮ ಕೇಳಿದರೆ ಏನಿಲ್ಲ ಎಂದಳು. ಅದನ್ನು ಕೂರಿಸಿ ಸಾಮಾನು ಕಟ್ಟಿಕೊಳ್ಳುತ್ತಿದ್ದ ಶಿವಮೊಗ್ಗದ ಜ್ಞಾನೇಶನ ಹತ್ತಿರ ಹೋಗಿ, ಮನೆಗೂ ಹಾಕುತ್ತೀರಾ ಎಂದು ವಿಚಾರಿಸಿದಳು. ಮೇಲೆ ಬಯಲು ತಾರಸಿ ಇದ್ದರೆ ಒಂದು ದಿನದ ಕೆಲಸ ಎಂದ ಅವನು.

ತಾರಸಿ ತನ್ನದಲ್ಲ ಎಂಬುದು ಅವಳಿಗೆ ನೆನಪಾದದ್ದು ಮನೆಯ ದಾರಿಯಲ್ಲಿ.

ರೇಣುಕಾಪ್ರಸಾದ ಕೆಟ್ಟವನಲ್ಲ. ಬಸ್‌ಸ್ಟ್ಯಾಂಡ್ ಕಡೆ ಅವನದೊಂದು ಬಣ್ಣದ ಅಂಗಡಿ. ತಾರಸಿಯ ಮೇಲೆ ಇನ್ನೆರಡು ಕೋಣೆ ಏರಿಸಿ ಬಾಡಿಗೆಗೆ ಕೊಡಬೇಕೆಂದು ಬಹಳ ವರ್ಷದಿಂದ ಅಂದುಕೊಂಡಿದ್ದ. ಅತ್ತಿಗೆಯ ಮಾತನ್ನು ಪೂರ್ತಿ ಕೇಳಿದ.

"ತಾರಸಿ ಮೋಲ್ಡಿಂಗ್ ಒಡೆದ್ರೆ ಮಳೆಗಾಲದಲ್ಲಿ ಸೋರುತ್ತೆ ಅತ್ತಿಗೆ. ನಾಳೆ ನಾನು ಮೇಲೆ ಕಟ್ಟಿಸಿದ್ರೆ ಆ ತೂತು ಎಲ್ಲಿಗೆ ಹೋಗುತ್ತೆ? ಒಂದು ದೊಡ್ಡ ಎಲ್‌ಇಡಿ ಹಾಕಿಸಿಬಿಡಿ, ನಾನೇ ತಂದುಕೊಡ್ತೀನಿ."

ಹೇಳಿದ ಹಾಗೆ ತಂದೂ ಕೊಟ್ಟ. ಕೋಣೆ ಇನ್ನಷ್ಟು ಬೆಳ್ಳಗಾಯಿತು, ಹೊತ್ತು ಮಾತ್ರ ತಿಳಿಯಲಿಲ್ಲ. ಕರಿಬಸಮ್ಮ ಮತ್ತೆ ಕೇಳಲಿಲ್ಲ. ಕೇಳಿ, ಒಪ್ಪಿಸಿ, ಮಾತಿಗೆ ಮಾತು ಕೊಡುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಬೆಳಿಗ್ಗೆ ಗಂಡನಿಗೆ ತಿಂಡಿ ತಿನ್ನಿಸಿ ಶಾಲೆಗೆ ಹೋಗುವುದು, ಸಾರು ಕುದಿಯುವ ಹೊತ್ತಿಗೆ ಓಡಿ ಬಂದು ಬಟ್ಟೆ ಬದಲಿಸಿ ಮತ್ತೆ ಓಡುವುದು, ಮಧ್ಯೆ ವಾರಗಿತ್ತಿ ಜಗದಾಂಬಾ ಒಮ್ಮೆ ಇಣುಕುವುದು. ಹೀಗೇ ಆರು ತಿಂಗಳು ಕಳೆದವು.

ಜನವರಿಯಲ್ಲಿ ಅಡುಗೆಯವರಿಗೆಲ್ಲ ಶಿವಮೊಗ್ಗದಲ್ಲಿ ಒಂದು ದಿನದ ತರಬೇತಿ ಬಂತು. ತಪ್ಪಿಸುವಂತಿರಲಿಲ್ಲ. ಜಗದಾಂಬಾ ತವರಿಗೆ ಹೋಗಿದ್ದಳು. ಬೇರೆ ದಾರಿ ಕಾಣದೆ ಕರಿಬಸಮ್ಮ ಮೈದುನನನ್ನು ಕೇಳಿದಳು. ಅವನು ಅಂಗಡಿ ಮುಚ್ಚಿ ಅಣ್ಣನ ಹತ್ತಿರ ಕೂತ.

ಸಂಜೆ ಆರಕ್ಕೆ ಅವಳು ಬಂದಾಗ ರೇಣುಕಾಪ್ರಸಾದ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ. ಅಂಗಿಯ ತೋಳು ಒದ್ದೆಯಾಗಿತ್ತು, ಮೂಲೆಯಲ್ಲಿ ಅಣ್ಣನಿಗೆ ಬದಲಿಸಿದ ಮೂರು ಪಂಚೆ ಬಿದ್ದಿದ್ದವು. ಅಣ್ಣ ಮಾತ್ರ ಗಾಢ ನಿದ್ದೆಯಲ್ಲಿದ್ದರು. ರೇಣುಕಾಪ್ರಸಾದ ತನ್ನ ಕೈಗಳನ್ನೇ ನೋಡುತ್ತಿದ್ದ.

"ನನ್ನನ್ನ ಫೋರ್‌ಮನ್ ಅಂದ್ಕೊಂಡ್ರು. ಲೇಟಾಗಿ ಬಂದಿದ್ದಕ್ಕೆ ಮಾಫಿ ಮಾಡಿ ಅಂತ ಒಂದೇ ಕೈಯಲ್ಲಿ ಮುಗಿದ್ರು ಅತ್ತಿಗೆ. ನಾನು ಅವರ ತಮ್ಮ ಅಂತ ಎಷ್ಟು ಸಲ ಹೇಳಿದೆ." ಆಮೇಲೆ ಎದ್ದು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. "ಬೆಳಕಿಂಡಿ ಹಾಕೋ ಆ ಶಿವಮೊಗ್ಗದವನ ನಂಬರ್ ಇದೆಯಾ?"

ಫೆಬ್ರವರಿಯ ಮೊದಲ ಗುರುವಾರ ಜ್ಞಾನೇಶ ಬಂದ. ಮುಂದೆ ಮೇಲೆ ಕೋಣೆ ಕಟ್ಟಿದರೆ ಕೊಳವೆಯನ್ನು ಗೋಡೆಯ ಮೂಲೆಯಲ್ಲಿ ಉದ್ದ ಮಾಡಿಕೊಡಬಹುದು ಎಂದು ರೇಣುಕಾಪ್ರಸಾದನಿಗೆ ತಿಳಿಹೇಳಿದ. ಚಂದ್ರಶೇಖರಪ್ಪನವರನ್ನು ಪಡಸಾಲೆಗೆ ಸಾಗಿಸಿದರು. ಕಾಂಕ್ರೀಟ್ ಕೊರೆಯುವ ಯಂತ್ರ ಮಧ್ಯಾಹ್ನದವರೆಗೆ ಕೂಗಿತು. ಸಂಜೆಯೊಳಗೆ ಧೂಳು ಗುಡಿಸಿ ಮಂಚ ಮತ್ತೆ ಒಳಗೆ ಬಂತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಚಂದ್ರಶೇಖರಪ್ಪ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಗೊಣಗಿದರು. "ಯಾರೇ ಲೈಟ್ ಹಾಕಿದ್ದು? ಆರಿಸು."

"ಅದು ಬಿಸಿಲು ಕಣ್ರೀ. ಆರಿಸೋಕೆ ಬರಲ್ಲ."

ಒಂದು ವಾರ ಅವರದು ಸಿಡುಕೇ ಸಿಡುಕು. ಕರಿಬಸಮ್ಮನಿಗೂ ಹಿತವೆನಿಸಲಿಲ್ಲ. ಆ ಬೆಳಕಿನಲ್ಲಿ ಸೂರಿನ ಜೇಡರಬಲೆ, ಗೋಡೆಯ ಎಣ್ಣೆಜಿಡ್ಡು, ಹೊದಿಕೆಯ ಕಲೆ ಎಲ್ಲ ಎದ್ದು ಕಂಡು, ಇಷ್ಟು ವರ್ಷ ತಾನು ಏನೂ ಮಾಡಿಯೇ ಇಲ್ಲವೇನೋ ಅನ್ನಿಸಿತು. ಗಂಡನ ಹಿಮ್ಮಡಿ ಕೆಂಪಾಗಿ ಹುಣ್ಣಾಗುವುದರಲ್ಲಿತ್ತು. ಅದು ಕಂಡದ್ದೂ ಈಗಲೇ. ದಿಂಬು ಕೊಟ್ಟು ಕಾಲು ಎತ್ತರಿಸಿ ಮುಲಾಮು ಹಚ್ಚಿದಳು.

ಪವಾಡವೇನೂ ಆಗಲಿಲ್ಲ. ರಾತ್ರಿಯ ಕೂಗು ಆರರಿಂದ ನಾಲ್ಕಕ್ಕೆ, ಶಿವರಾತ್ರಿ ಕಳೆದ ಮೇಲೆ ಎರಡಕ್ಕೆ ಇಳಿಯಿತು. ಸೂರಿನ ಬಿಲ್ಲೆ ಹಳದಿಗೆ ತಿರುಗಿದರೆ ಸಂಜೆ ಕಾಫಿಯ ಹೊತ್ತೆಂದು ಅವರೇ ಹೇಳತೊಡಗಿದರು. ಕೆಲವು ದಿನ ಸೈರನ್ ಸುದ್ದಿಯೇ ಇರುತ್ತಿರಲಿಲ್ಲ, ಕೆಲವು ದಿನ ಮೊದಲಿನಂತೆಯೇ. ಮೊದಲ ಬೇಸಿಗೆ ಮಳೆಗೆ ರೇಣುಕಾಪ್ರಸಾದ ಕೊಡೆ ಹಿಡಿದು ತಾರಸಿಗೆ ಹೋಗಿ ಮುಚ್ಚಳದ ಸುತ್ತ ಬೆರಳಾಡಿಸಿ ಬಂದ. ಒಂದು ಹನಿ ನೀರೂ ಇಳಿದಿರಲಿಲ್ಲ.

ವಿಚಿತ್ರವೆಂದರೆ, ನಿದ್ದೆ ಸ್ವಲ್ಪ ಸಿಗತೊಡಗಿದ ಮೇಲೆಯೇ ಕರಿಬಸಮ್ಮನಿಗೆ ತನ್ನ ದಣಿವು ಗೊತ್ತಾದದ್ದು. ಮೊಣಕಾಲು ನೋವು, ಸೊಂಟ ನೋವು ಎಲ್ಲ ಒಟ್ಟಿಗೆ ಮೇಲೆ ಬಂದವು. ಒಂದು ದಿನ ಶಾಲೆಯ ಉಗ್ರಾಣದಲ್ಲಿ ಅಕ್ಕಿ ಮೂಟೆಗೆ ಒರಗಿದವಳು ಅಲ್ಲೇ ನಿದ್ದೆಹೋದಳು. ಪ್ರೇಮಮ್ಮ ಎಬ್ಬಿಸದೆ ಒಬ್ಬಳೇ ಬಡಿಸಿದಳು.

ರಜೆ ಶುರುವಾದ ಮೇಲೆ ಒಂದು ಮಧ್ಯಾಹ್ನ, ಗಂಡನಿಗೆ ಮೊಸರನ್ನ ತಿನ್ನಿಸಿ ಬಾಯಿ ಒರೆಸುತ್ತಿದ್ದಳು. ಚಂದ್ರಶೇಖರಪ್ಪ ಅವಳ ಮುಖವನ್ನೇ ದಿಟ್ಟಿಸುತ್ತಿದ್ದರು.

"ಎಷ್ಟು ಇಳಿದು ಹೋಗಿದೀಯಲ್ಲೇ ಬಸಮ್ಮ. ತಲೆ ಎಲ್ಲ ಬೆಳ್ಳಗಾಗಿದೆ. ಯಾವಾಗ ಆಯ್ತು ಇದು?"

ಅವಳು ತಟ್ಟೆ ಎತ್ತಿಕೊಂಡಳು. ಬಚ್ಚಲಲ್ಲಿ ತಟ್ಟೆ ತೊಳೆಯುತ್ತಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಒಳಗೆ ಬಂದಾಗ ಅವರು ಎಚ್ಚರವಾಗಿಯೇ ಇದ್ದರು.

"ಸ್ವಲ್ಪ ಮಲಗ್ತೀನಿ ಕಣ್ರೀ" ಎಂದಳು.

"ಮಲಗು. ನಾನು ಎದ್ದಿರ್ತೀನಿ."

ಮಂಚದ ಪಕ್ಕದಲ್ಲೇ ಚಾಪೆ ಹಾಸಿ, ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡು ಮಲಗಿದಳು. ಅವರು ಸಂಜೆ ಐದರವರೆಗೆ ಅವಳನ್ನು ಕರೆಯಲಿಲ್ಲ.