ಬಡಿಸುವ ಕೈ

"ಅಜ್ಜಿ ಕುರ್ಚಿಲಿ ಮುಳ್ಳೈತಾ ಅಮ್ಮ?" ಎಂದು ಮಗಳು ಕೇಳಿದಾಗ ರಮ್ಯಳಿಗೆ ನಗು ಬಂತು. ವಿಮಾನ ನಿಲ್ದಾಣದ ಹೋಟೆಲಿನಲ್ಲೂ ಅತ್ತೆ ಕುಳ್ಳಮ್ಮ ಕೂತಲ್ಲಿ ಕೂರುತ್ತಿರಲಿಲ್ಲ. ಹುಣಸೂರು ಸೀಮೆಯಲ್ಲಿ ಯಾರ ಮನೆಯ ಊಟವಾದರೂ ಸಾರಿನ ಬಕೆಟ್ಟು ಹಿಡಿದು ಓಡಾಡುವ ಕೈ ಅವರದು. ಇಲ್ಲಿಯೂ ಎದ್ದೆದ್ದು ಮೊಮ್ಮಗಳ ಇಡ್ಲಿಗೆ ಸಾಂಬಾರು ಹುಯ್ದರು, "ನಾಚ್ಕಬ್ಯಾಡ ಕಣಪ್ಪ, ತಿನ್ನು" ಎನ್ನುತ್ತ ಪಕ್ಕದ ಟೇಬಲ್ಲಿನ ಕೋಟು ತೊಟ್ಟವರೊಬ್ಬರ ತಟ್ಟೆಗೆ ತಮ್ಮ ವಡೆಯನ್ನು ದಾಟಿಸಿದರು, ಸರ್ವರ್‌ನನ್ನೂ "ನೀನ್ ಉಂಡ್ಯಾ ಮಗಾ?" ಎಂದು ವಿಚಾರಿಸಿದರು. ಬೆಳಗಿನಿಂದ ಬರಿಹೊಟ್ಟೆಯಲ್ಲಿದ್ದ ಅತ್ತೆಯ ಇಡ್ಲಿ ಮಾತ್ರ ಆರುತ್ತಿತ್ತು, ವಿಮಾನಕ್ಕೆ ಕರೆಯುವ ಹೊತ್ತೂ ಆಗುತ್ತಿತ್ತು. "ಮೊದ್ಲು ನೀವು ತಿನ್ನಿ ಅತ್ತೆ" ಎಂದು ಗದರಿದ ರಮ್ಯಳಿಗೆ, ಮದುವೆಯಾಗಿ ಬಂದಾಗಿನಿಂದ ಅವರು ಉಣ್ಣುವುದನ್ನು ತಾನು ಒಮ್ಮೆಯೂ ಕಂಡಿಲ್ಲವೆಂದು ಆಗ ಹೊಳೆಯಿತು. ಕುಳ್ಳಮ್ಮ ತಟ್ಟೆ ಎಳೆದುಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಸೊಸೆಯನ್ನು ಕೇಳಿದರು: "ಒಸಿ ನಂಗೆ ಅಡ್ಡಾಗಿ ಕೂತ್ಕೊ ಮಗಾ. ಜನದ್ ಮುಂದೆ ಉಂಡು ಗೊತ್ತಿಲ್ಲ ಕಣವ್ವ."