ಅತ್ತೆಯ ಮೂಗಿಗೆ ಹಿಡಿದ ವೆನಿಲ್ಲಾ

ಆ ಬೆಳಗನ್ನು ನೆನೆದಾಗಲೆಲ್ಲ ಅಂಗಳದ ತುಂಬ ಮಂಜು ಇದ್ದಂತೆ ಕಾಣುತ್ತದೆ. ಆದರೆ ಸಂಪಾಜೆಯ ತಗ್ಗಿನಲ್ಲಿ, ಬಿಸಿಲೇರಿದ ಮೇಲೆ, ಮಂಜು ಎಲ್ಲಿಂದ ಬರಬೇಕು? ಬಹುಶಃ ಮಂಜನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು.

ನಾನು ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಂದ ವೆನಿಲ್ಲಾದ ಪರಿಮಳ ಮಾಡಿಸುತ್ತೇನೆ. ಅವುಗಳೊಳಗೆ ಬೇರೆ ಜೀವಿಗಳ ಒಂದೆರಡು ಜೀನ್ ಸೇರಿಸಿ, ಅಕ್ಕಿ ತೌಡಿನಿಂದ ತೆಗೆದ ಆಮ್ಲವನ್ನು ಉಣಿಸಿದರೆ, ಅವು ಅದನ್ನು ಪರಿಮಳವಾಗಿ ಬದಲಿಸುತ್ತವೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಗಾಜಿನ ಬುರುಡೆಗಳು ತೊಟ್ಟಿಲಿನಂತೆ ತೂಗುತ್ತಿರುತ್ತವೆ. ಒಳಗೆ ಗಂಜಿ ತಿಳಿಯಂಥ ಮಸುಕು. ಆ ಮಸುಕಿನಲ್ಲಿ ಕೋಟ್ಯಂತರ ಜೀವಗಳು ತಮಗೇನೂ ಸಂಬಂಧವಿಲ್ಲದ ಒಂದು ಹೂಬಳ್ಳಿಯ ಕೆಲಸವನ್ನು ಮಾಡುತ್ತಿವೆ ಅನ್ನಿಸಿದಾಗ, ಕನಸು ಕಾಣುತ್ತಿರುವುದು ಅವೋ ನಾನೋ ತಿಳಿಯುವುದಿಲ್ಲ.

ಸಂಪಾಜೆಯಲ್ಲಿ ನನ್ನ ಸೋದರತ್ತೆಯ ತೋಟದಲ್ಲಿ ನಿಜವಾದ ವೆನಿಲ್ಲಾ ಬಳ್ಳಿಗಳಿವೆ. ಸುತ್ತಿನವರೆಲ್ಲ ಎಂದೋ ಕಿತ್ತು ಹಾಕಿದರು, ಅತ್ತೆ ಬಿಡಲಿಲ್ಲ. ಹೂ ಅರಳಿದ ಬೆಳಗ್ಗೆಯೇ ಒಂದೊಂದಕ್ಕೂ ಕಡ್ಡಿಯಿಂದ ಪರಾಗ ಮುಟ್ಟಿಸುವುದನ್ನು ಅವರು 'ಮದುವೆ' ಅನ್ನುತ್ತಿದ್ದರು. ಕೊಯ್ದ ಕಾಯಿಯನ್ನು ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಬಿಸಿಲಿಗೆ ಹರವಿ ಹದ ಮಾಡಬೇಕು. ಹದ ಬಂತೋ ಬೂಸಲು ಹಿಡಿಯಿತೋ ಎಂದು ಹೇಳುವುದು ಮೂಗು. ಹಿಂದಿನ ವರ್ಷದ ಜ್ವರದಲ್ಲಿ ಅತ್ತೆಯ ಮೂಗು ಹೋಯಿತು. ಆ ಸಲದ ಕಾಯಿಯೆಲ್ಲ ಕಂಬಳಿಯೊಳಗೇ ಕೆಟ್ಟವು. ಈ ಕೊಯ್ಲಿಗೂ ವಾಸನೆ ತಿಳಿಯದಿದ್ದರೆ ಬಳ್ಳಿ ಕಡಿಸುತ್ತೇನೆಂದು ಫೋನಿನಲ್ಲಿ ಹೇಳಿದ್ದರು.

ಹಾಗಾಗಿ ಅವರ ಮೂಗು ಮರಳಿದೆಯೇ ಎಂದು ನೋಡಲು ಎರಡು ಪುಟ್ಟ ಸೀಸೆ ಹಿಡಿದು ಹೋದೆ. ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಿಂದ ಹೊರಗೆ ತರುವಂತಿಲ್ಲ; ಅವು ಮಾಡಿದ್ದನ್ನು ಶುದ್ಧಗೊಳಿಸಿ ಹತ್ತಿಗೆ ಹಚ್ಚಿದ್ದೆ. ಇನ್ನೊಂದು ಸೀಸೆಯಲ್ಲಿ ಬರೀ ಹತ್ತಿ. ಏನನ್ನು ಪರೀಕ್ಷಿಸಿದರೂ ಪಕ್ಕದಲ್ಲಿ ಏನೂ ಇಲ್ಲದ್ದೊಂದನ್ನು ಇಡುವುದು ನಮ್ಮ ಕಸುಬಿನ ಅಭ್ಯಾಸ. ಅದನ್ನು ಅತ್ತೆಯ ಮೇಲೂ ಮಾಡಬೇಕಿತ್ತೇ?

"ಹುಳಗಳ ಕೈಲಿ ವೆನಿಲ್ಲಾ ಮಾಡ್ಸಿಯಾ ಗೂಡೆ? ಅವ್ಕೆ ಮದುವೆ ಮಾಡ್ಸುದು ಯಾರ್?" ಹುಡುಗಿಯರನ್ನೆಲ್ಲ 'ಗೂಡೆ' ಎಂದೇ ಕರೆಯುವ ಅತ್ತೆ ನಕ್ಕರು.

"ಅವ್ಕೆ ಮದುವೆನೇ ಬೇಡ ಅತ್ತೆ. ಒಂದ್ ಇದ್ದದ್ ಎರಡಾದೆ, ಅಷ್ಟೆ."

"ನಿನ್ನಂಗೆನೇ. ಮದುವೆ ಬೇಡ, ಕೆಲ್ಸ ಮಾತ್ರ."

ಮೊದಲು ಬರೀ ಹತ್ತಿಯ ಸೀಸೆ ಕೊಟ್ಟೆ. ಅತ್ತೆ ಕಣ್ಣು ಮುಚ್ಚಿ ಮೂಗಿಗೆ ಹಿಡಿದರು. ಎಷ್ಟೋ ಹೊತ್ತು ಹಾಗೇ ಇದ್ದರು. ಮುಖ ಮೆಲ್ಲನೆ ಸಡಿಲವಾಯಿತು.

"ಬಂತ್," ಅಂದರು. "ಬಿಸ್ಲಲ್ಲಿ ಕಂಬಳಿ ಬಿಚ್ಚಿದಂಗೆ. ನಮ್ಮದೇ ಕಾಯಿ."

ಮೂಗು ಬಂದಿರಲಿಲ್ಲ, ಬಂದದ್ದು ನೆನಪು. ಎರಡನೆಯ ಸೀಸೆ ಕೊಟ್ಟೆ.

ಅತ್ತೆ ಮೂಸಿದರು. ಹುಬ್ಬು ಗಂಟಾಯಿತು. ಇನ್ನೊಮ್ಮೆ ಮೂಸಿ ಸೀಸೆಯನ್ನು ದೂರ ಹಿಡಿದರು.

"ಥೂ, ಇದ್ ನಮ್ಮದಲ್ಲ. ಮಡಿಕೇರಿಲಿ ಸಿಕ್ಕುವ ಐಸ್ ಕ್ರೀಂ."

ನಾನು ಜೋರಾಗಿ ನಕ್ಕುಬಿಟ್ಟೆ. ನನ್ನ ಬ್ಯಾಕ್ಟೀರಿಯಾಗಳು ಮಾಡುವುದು ಕಾಯಿಯೊಳಗಿನ ನೂರಾರು ವಾಸನೆಗಳಲ್ಲಿ ಒಂದನ್ನು ಮಾತ್ರ. ಐಸ್ ಕ್ರೀಮಿಗೆ ಬೀಳುವುದೂ ಅದೇ. ನೆನಪಿನಿಂದ ಹೇಳಿದ್ದರೆ ಅತ್ತೆ ಇದನ್ನೂ ಹೊಗಳುತ್ತಿದ್ದರು; ಮೂಗು ನಿಜಕ್ಕೂ ಮರಳಿತ್ತು. ವರ್ಷಗಟ್ಟಲೆ ದುಡಿದು ಮಾಡಿದ್ದಕ್ಕೆ 'ಥೂ' ಅನ್ನಿಸಿಕೊಂಡು ಅಷ್ಟು ಸಂತೋಷಪಟ್ಟವರು ಯಾರಾದರೂ ಇದ್ದಾರೋ ಇಲ್ಲವೋ.

ನಗುವಿನ ಕಾರಣ ಹೇಳಿದೆ. ಅತ್ತೆ ನಗಲಿಲ್ಲ.

"ಹಂಗಾದ್ರೆ ಮೊದಲ್ದರಲ್ಲಿ ಎಂತ ಇತ್ತ್?"

"ಎಂತ ಇಲ್ಲೆ ಅತ್ತೆ. ಬರೀ ಹತ್ತಿ."

ಅತ್ತೆ ಆ ಸೀಸೆಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು. "ಇತ್ತ್," ಅಂದರು, ವಾದ ಮಾಡುವ ದನಿಯಲ್ಲಲ್ಲ. ಆಮೇಲೆ ಒಳಗಿನಿಂದ ಕಂಬಳಿ ತಂದು, ಕೊಡವಿ, ಈ ಸಲದ ಕಾಯಿಗೆಂದು ಅಂಗಳದ ಬಿಸಿಲಿಗೆ ಹರವಿದರು.